ಪೂಲ್ ಮೇಜಿನಲ್ಲಿ ಅರ್ಹತೆಯ ಪ್ರಶ್ನೆ

ಹುಟ್ಟಿನಲ್ಲಿ ಗಂಡೆಂದು ಗುರುತಿಸಲ್ಪಟ್ಟು ಮುಂದೆ ಹೆಣ್ಣಾಗಿ ಬಾಳುವ ಟ್ರಾನ್ಸ್ ಮಹಿಳೆಯರನ್ನು, ಮೇಜಿನ ಮೇಲೆ ಕೋಲಿನಿಂದ ಚೆಂಡುಗಳನ್ನು ಕುಳಿಗೆ ತಳ್ಳುವ ಪೂಲ್ ಆಟದ ಸಂಸ್ಥೆಯಾದ ಇಂಗ್ಲಿಷ್ ಬ್ಲ್ಯಾಕ್‌ಬಾಲ್ ಪೂಲ್ ಫೆಡರೇಷನ್ 2023ರಲ್ಲಿ ಮಹಿಳಾ ಸ್ಪರ್ಧೆಗಳಿಂದ ಹೊರಗಿಟ್ಟಾಗ, ಟ್ರಾನ್ಸ್ ಮಹಿಳೆಯಾದ ಆಟಗಾರ್ತಿ ಹ್ಯಾರಿಯೆಟ್ ಹೇನ್ಸ್ ಅದನ್ನು ತಾರತಮ್ಯವೆಂದು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ದೇಹಬಲ, ತ್ರಾಣ ಅಥವಾ ಮೈಕಟ್ಟಿನ ಕಾರಣದಿಂದ ಒಂದು ಲಿಂಗದ ಸಾಮಾನ್ಯ ಸ್ಪರ್ಧಿಗಳು ಹಿಂದೆ ಬೀಳುವಂಥ ಆಟಗಳಲ್ಲಿ ಪ್ರತ್ಯೇಕ ವಿಭಾಗಗಳಿಗೆ ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಅವಕಾಶ ಕೊಡುತ್ತದೆ. ಗುರಿ, ಜಾಣ್ಮೆಗಳೇ ಪ್ರಧಾನವೆನಿಸುವ ಪೂಲ್ ಅಂಥ ಆಟವೇ ಎಂಬುದು ವಿವಾದದ ತಿರುಳಾಯಿತು, ಮತ್ತು ಈ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಸುಲಭದ್ದಲ್ಲ. 2025ರ ಆಗಸ್ಟ್‌ನಲ್ಲಿ ಕ್ಯಾಂಟರ್ಬರಿಯ ನ್ಯಾಯಾಲಯವು, ಚೆಂಡುಗಳ ಗುಂಪನ್ನು ಚದುರಿಸುವ ಮೊದಲ ಹೊಡೆತವಾದ ‘ಬ್ರೇಕ್’ನ ವೇಗ, ಅಂಗೈಯ ಹರವು, ತೋಳಿನ ಚಾಚು ಇವುಗಳಲ್ಲಿ ಪುರುಷದೇಹಕ್ಕೆ ಮೇಲುಗೈಯಿದೆಯೆಂದು ಒಪ್ಪಿ ನಿರ್ಬಂಧವನ್ನು ಎತ್ತಿಹಿಡಿಯಿತು. ಎಲ್ಲರೂ ಆಡಬಹುದಾದ ಮುಕ್ತ ಸ್ಪರ್ಧೆಗಳು ಹೇನ್ಸ್ ಅವರ ಪಾಲಿಗೆ ಉಳಿದವು.