ಹುಳಿ ಮಣ್ಣಿನಲ್ಲಿ ಗೊಬ್ಬರ ಎಲ್ಲಿ ಹೋಗುತ್ತದೆ?

ಮಲೆನಾಡಿನಲ್ಲಿ ಕಳೆದ ಕೆಲವು ದಶಕಗಳಿಂದ ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಗದ್ದೆಯಾಗಿದ್ದಷ್ಟು ಕಾಲ ಆ ಮಣ್ಣಿಗೆ ಸುಣ್ಣ ಹಾಕಬೇಕೆಂದು ಹೆಚ್ಚಿನವರಿಗೆ ಅನಿಸಿರಲಿಲ್ಲ. ಬಸಿಗಾಲುವೆ ತೆಗೆದು, ನೀರು ಹೊರಗೆ ಹರಿಸಿ, ಸಸಿ ನೆಟ್ಟು ಕೆಲವು ವರ್ಷವಾಗುವಷ್ಟರಲ್ಲಿ ಅದೇ ಮಣ್ಣು ಬೇರೆಯೇ ಗುಣ ತೋರಿಸುವುದುಂಟು. ಕಾಲಕಾಲಕ್ಕೆ ಗೊಬ್ಬರ ಕೊಟ್ಟರೂ ಗಿಡ ಚೇತರಿಸಿಕೊಳ್ಳುವುದಿಲ್ಲ. ಆಗ ಯಾರಿಗಾದರೂ ಮೊದಲು ಹೊಳೆಯುವುದು ಇನ್ನೊಂದು ಚೀಲ ಗೊಬ್ಬರ ತರುವುದು. ಆದರೆ ಕೊರತೆ ಗೊಬ್ಬರದ್ದಲ್ಲದೇ ಇರಬಹುದು. ಹಾಕಿದ್ದು ಬೇರಿಗೆ ದಕ್ಕದಂತೆ ಮಣ್ಣಿನ ಹುಳಿಯೇ ತಡೆದಿರಬಹುದು.

ಈ ಹುಳಿಯ ಅಳತೆಯೇ ರಸಸಾರ, ಅಂದರೆ ಪಿಎಚ್. 1909ರಲ್ಲಿ ಇದನ್ನು ರೂಪಿಸಿದವರು ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ ಸೋರೆನ್ಸೆನ್. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಲ್ಲಿಂದ ಒಂದೊಂದು ಅಂಕಿ ಇಳಿದಾಗಲೂ ಹುಳಿ ಹತ್ತು ಪಟ್ಟು ಏರುತ್ತದೆ. ಮಣ್ಣು ಆರೋಗ್ಯ ಚೀಟಿಯಲ್ಲಿ 5 ಎಂದು ಬರೆದಿದ್ದರೆ, ಆ ಮಣ್ಣು 6 ಇರುವ ಪಕ್ಕದ ತೋಟಕ್ಕಿಂತ ಹತ್ತು ಪಟ್ಟು, 7 ಇರುವ ಮಣ್ಣಿಗಿಂತ ನೂರು ಪಟ್ಟು ಹುಳಿ. ಒಂದೇ ಅಂಕಿಯ ವ್ಯತ್ಯಾಸವೆಂದು ಕಡೆಗಣಿಸುವಂಥದ್ದಲ್ಲ.

ಮಲೆನಾಡು, ಕರಾವಳಿ, ಕೊಡಗಿನ ಮಣ್ಣು ಹುಳಿಯಾಗಲು ಮೊದಲ ಕಾರಣ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಕರಗಿ ಮಳೆನೀರು ತುಸು ಹುಳಿಯಾಗುತ್ತದೆ. ಜೇಡಿಕಣಗಳಿಗೆ ಅಂಟಿಕೊಂಡಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶಿಯಂಗಳನ್ನು ಅದರ ಹೈಡ್ರೋಜನ್ ಅಯಾನುಗಳು ಕಿತ್ತು ಆ ಜಾಗದಲ್ಲಿ ತಾವು ಕೂರುತ್ತವೆ. ಬಿಡುಗಡೆಯಾದ ಪೋಷಕಾಂಶ ನೀರಿನೊಂದಿಗೆ ಹಳ್ಳ ಸೇರುತ್ತದೆ. ಲಕ್ಷಾಂತರ ವರ್ಷ ಹೀಗೆ ತೊಳೆದುಹೋದ ಮೇಲೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ತುಂಬಿದ ಕೆಂಪು ಮಣ್ಣು, ಅದರಡಿಯ ಜಂಬಿಟ್ಟಿಗೆ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಆ ಹೆಸರು 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಿಂದ ಜಗತ್ತಿಗೆಲ್ಲ ಹಬ್ಬಿತು.

ಎರಡನೆಯ ಕಾರಣ ಮನುಷ್ಯನದು. ಯೂರಿಯಾ, ಅಮೋನಿಯಂ ಸಲ್ಫೇಟ್‌ಗಳನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಬದಲಿಸುವಾಗ ಹುಳಿ ಹುಟ್ಟುತ್ತದೆ. ಇದು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1856ರಿಂದ ನಡೆಯುತ್ತಿರುವ ಹುಲ್ಲುಗಾವಲಿನ ಪ್ರಯೋಗವೇ ಸಾಕ್ಷಿ. ಸುಣ್ಣವಿಲ್ಲದೆ ವರ್ಷವರ್ಷವೂ ಅಮೋನಿಯಂ ಸಲ್ಫೇಟ್ ಉಂಡ ತುಂಡುಗಳಲ್ಲಿ ರಸಸಾರ 4ಕ್ಕಿಂತ ಕೆಳಗಿಳಿಯಿತು. ಹತ್ತಾರು ಬಗೆಯ ಗಿಡಗಳಿದ್ದ ಜಾಗದಲ್ಲಿ ಬೆರಳೆಣಿಕೆಯ ಹುಲ್ಲುಗಳಷ್ಟೇ ಉಳಿದವು.

ಹುಳಿ ಏರಿದಾಗ ಬೇರಿಗೆ ಬೀಳುವ ದೊಡ್ಡ ಪೆಟ್ಟು ಅಲ್ಯೂಮಿನಿಯಂನದು. ಭೂಮಿಯ ಹೊರಪದರದಲ್ಲಿ ಇದರ ಪಾಲು ಶೇ. 8ರಷ್ಟು; ಯಾವ ಮಣ್ಣೂ ಇದಕ್ಕೆ ಹೊರತಲ್ಲ. ಸಾಮಾನ್ಯ ಮಣ್ಣಿನಲ್ಲಿ ಖನಿಜದೊಳಗೆ ಸುಮ್ಮನಿರುವ ಇದು ರಸಸಾರ 5.5ಕ್ಕಿಂತ ಇಳಿಯುತ್ತಿದ್ದಂತೆ ನೀರಿಗೆ ಬಿಟ್ಟುಕೊಳ್ಳತೊಡಗುತ್ತದೆ. ಅಂಥ ಮಣ್ಣಿನಿಂದ ಗಿಡವೊಂದನ್ನು ಕಿತ್ತು ನೋಡಿದರೆ ಬೇರುಗಳು ಮೋಟಾಗಿ, ದಪ್ಪಗೆ, ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮುರಿಯುವಂತಿರುತ್ತವೆ. ನೀರು, ಆಹಾರ ಹೀರಬೇಕಾದ ಕೂದಲೆಳೆಯ ಕವಲುಗಳು ಮೂಡಿರುವುದೇ ಇಲ್ಲ. ಕೊಡಗು, ಚಿಕ್ಕಮಗಳೂರಿನ ಮನೆಯಂಗಳಗಳಲ್ಲಿ ಹೈಡ್ರಾಂಜಿಯಾ ಗೊಂಚಲು ನೀಲಿಯಾಗಿ ಅರಳುವುದಕ್ಕೂ ಕರಗಿದ ಅಲ್ಯೂಮಿನಿಯಂ ಹೂವಿನ ವರ್ಣದ್ರವ್ಯದ ಜೊತೆ ಸೇರುವುದೇ ಕಾರಣ. ಅದೇ ಗಿಡದ ಬುಡಕ್ಕೆ ಸುಣ್ಣ ಬಿದ್ದರೆ ಮುಂದಿನ ಹೂಗಳು ಗುಲಾಬಿ ಬಣ್ಣಕ್ಕೆ ಹೊರಳುತ್ತವೆ.

ರಂಜಕದ ಕಥೆ ಇನ್ನೊಂದು. ಹುಳಿ ಮಣ್ಣಿಗೆ ಹಾಕಿದ ಸೂಪರ್ ಫಾಸ್ಫೇಟ್ ಕರಗುತ್ತದೆ ನಿಜ, ಆದರೆ ಕರಗಿದ ರಂಜಕದ ಬಹುಪಾಲನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಬಿಗಿಯಾಗಿ ಹಿಡಿದಿಡುತ್ತವೆ. ಮಣ್ಣಿನಲ್ಲಿ ರಂಜಕ ಇದೆ, ಗಿಡಕ್ಕೆ ಇಲ್ಲ. ಮಲೆನಾಡಿನಲ್ಲಿ ರಾಕ್ ಫಾಸ್ಫೇಟ್ ಬಳಸುವುದರ ಹಿಂದೆ ಇದೇ ಲೆಕ್ಕವಿದೆ: ಮಣ್ಣಿನ ಹುಳಿಯೇ ಆ ಪುಡಿಯನ್ನು ನಿಧಾನವಾಗಿ ಕರಗಿಸುತ್ತದೆ.

ಮಾಲಿಬ್ಡಿನಂ ಬೇಕಾಗುವುದು ಹೆಕ್ಟೇರಿಗೆ ಗ್ರಾಂ ಲೆಕ್ಕದಲ್ಲಿ. ಆದರೂ ಅದಿಲ್ಲದೆ ದ್ವಿದಳ ಧಾನ್ಯದ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯಲಾರವು. ಹುಳಿ ಮಣ್ಣು ಇದನ್ನೂ ಅಡಗಿಸಿಡುತ್ತದೆ. ದಕ್ಷಿಣ ಆಸ್ಟ್ರೇಲಿಯಾದ ಬೆಟ್ಟಗಳಲ್ಲಿ ಮೇವಿನ ಕ್ಲೋವರ್ ಬಡಕಲಾಗಿದ್ದಾಗ, ಮರದ ಬೂದಿ ಹಾಕಿದಲ್ಲಿ ಅದು ಸೊಂಪಾಗಿ ಬೆಳೆದದ್ದನ್ನು ಬೆನ್ನಟ್ಟಿದ ಎ. ಜೆ. ಆಂಡರ್ಸನ್, ಬೂದಿಯಲ್ಲಿನ ಮಾಲಿಬ್ಡಿನಂ ಇದಕ್ಕೆ ಕಾರಣವೆಂದು 1942ರಲ್ಲಿ ತೋರಿಸಿದರು. ಕರಾವಳಿಯ ರೈತರು ತರಕಾರಿ ಸಾಲಿಗೆ ಬೂದಿ, ಸುಡುಮಣ್ಣು ಹಾಕುವ ರೂಢಿಯನ್ನು ಹಳೆಯದೆಂದು ಬದಿಗಿಡುವವರು ಇದನ್ನು ಗಮನಿಸಬೇಕು. ಬೂದಿ ಪೊಟ್ಯಾಶ್ ಕೊಡುವುದಷ್ಟೇ ಅಲ್ಲ, ಹುಳಿಯನ್ನೂ ತಗ್ಗಿಸುತ್ತದೆ.

ಗದ್ದೆಗೆ ಸುಣ್ಣ ಬೇಡವಾದದ್ದೇಕೆ? ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಆಗ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಕಬ್ಬಿಣದ ಆಕ್ಸೈಡನ್ನು ಬಳಸಿಕೊಳ್ಳುತ್ತವೆ. ಈ ಕ್ರಿಯೆ ಹೈಡ್ರೋಜನ್ ಅಯಾನುಗಳನ್ನು ನುಂಗುವುದರಿಂದ ಕೆಲವೇ ವಾರಗಳಲ್ಲಿ ಹುಳಿ ಮಣ್ಣಿನ ರಸಸಾರ 6.5ರ ಆಸುಪಾಸಿಗೆ ಏರುತ್ತದೆ. ಕಬ್ಬಿಣ ಹಿಡಿದಿಟ್ಟಿದ್ದ ರಂಜಕವೂ ಸಡಿಲಗೊಳ್ಳುತ್ತದೆ. ನೀರೇ ಸುಣ್ಣದ ಕೆಲಸ ಮಾಡಿಬಿಡುತ್ತದೆ. ತಗ್ಗಿನ ಗದ್ದೆಗಳಲ್ಲಿ ಮಾತ್ರ ಕರಗಿದ ಕಬ್ಬಿಣ ಅತಿಯಾಗಿ, ನೀರಿನ ಮೇಲೆ ಕೆಂಪು ಕೆನೆ ಕಟ್ಟಿ, ಭತ್ತದ ಎಲೆಗಳಲ್ಲಿ ಕಂದು ಚುಕ್ಕೆ ಮೂಡುತ್ತದೆ. ತೋಟಕ್ಕಾಗಿ ನೀರು ಬಸಿದಾಗ ಈ ಇಡೀ ಕ್ರಿಯೆ ಹಿಂದಕ್ಕೆ ತಿರುಗುತ್ತದೆ: ಕಬ್ಬಿಣ ಮತ್ತೆ ತುಕ್ಕಾಗುತ್ತದೆ, ಹುಳಿ ಮರಳುತ್ತದೆ. ಗದ್ದೆಯನ್ನು ತೋಟ ಮಾಡುವವರು ಸಸಿಯ ಖರ್ಚಿನ ಜೊತೆ ಸುಣ್ಣದ ಖರ್ಚನ್ನೂ ಬರೆದಿಟ್ಟುಕೊಳ್ಳುವುದು ಜಾಣತನ.

ಕೃಷಿ ಸುಣ್ಣ, ಡೋಲೊಮೈಟ್, ಕರಾವಳಿಯ ಚಿಪ್ಪಿನ ಸುಣ್ಣ ಎಲ್ಲವೂ ಹುಳಿಯನ್ನು ತಣಿಸುತ್ತವೆ. ಡೋಲೊಮೈಟ್ ಮೆಗ್ನೀಸಿಯಂ ಅನ್ನೂ ಕೊಡುತ್ತದೆ. ಪ್ರಮಾಣವನ್ನು ಮಾತ್ರ ನೆರೆಯವರ ಲೆಕ್ಕ ನೋಡಿ ತೀರ್ಮಾನಿಸಲಾಗದು. ರಸಸಾರ ಎರಡು ಕಡೆಯೂ 5 ಇದ್ದರೂ ಮರಳುಮಣ್ಣಿಗೆ ಸಾಕಾಗುವ ಸುಣ್ಣ ಜೇಡಿಮಣ್ಣಿಗೆ ಸಾಲದು, ಏಕೆಂದರೆ ಜೇಡಿ ಮತ್ತು ಸಾವಯವಾಂಶ ತಮ್ಮೊಳಗೆ ಬಹಳಷ್ಟು ಹುಳಿಯನ್ನು ಕೂಡಿಟ್ಟಿರುತ್ತವೆ. ಯೂರಿಯಾದ ಜೊತೆಗೇ ಸುಣ್ಣ ಎರಚಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಡುವೆ ಕೆಲವು ವಾರ ಬಿಡಬೇಕು. ಅತಿಯಾದರೆ ಸತು, ಮ್ಯಾಂಗನೀಸ್ ಸಿಗದಾಗುತ್ತವೆ. ಕಾಫಿಗೆ ರಸಸಾರ 6ರ ಆಸುಪಾಸು ಹಿತ. ಚಹಾ, ಅನಾನಸ್‌ಗಳು 5ರಲ್ಲೂ ಸುಖವಾಗಿರುತ್ತವೆ.

ಸುಣ್ಣ ತಾನಾಗಿ ಆಳಕ್ಕಿಳಿಯುವುದಿಲ್ಲ. ಮೇಲೆ ಎರಚಿದ್ದು ವರ್ಷಗಟ್ಟಲೆ ಮೇಲ್ಪದರದಲ್ಲೇ ಉಳಿಯುತ್ತದೆ. ಬ್ರೆಜಿಲ್‌ನ ಸೆರಾಡೊ ಬಯಲಿನ ಹುಳಿ ಮಣ್ಣನ್ನು ಸೋಯಾ, ಮೆಕ್ಕೆಜೋಳದ ಹೊಲವಾಗಿಸಿದವರೂ ಇದನ್ನು ಎದುರಿಸಬೇಕಾಯಿತು. ಸುಣ್ಣ, ರಂಜಕಗಳಿಂದ ಆ ನೆಲವನ್ನು ಎಬ್ಬಿಸಿದ ಕೆಲಸಕ್ಕೆ 2006ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಆಳದ ಪದರಕ್ಕೆ ಅಲ್ಲಿ ಜಿಪ್ಸಮ್ ಬಳಸುತ್ತಾರೆ. ಅದು ರಸಸಾರವನ್ನು ಏರಿಸುವುದಿಲ್ಲ. ಆದರೆ ನೀರಿನೊಂದಿಗೆ ಇಳಿದು ಕೆಳಗಿನ ಬೇರುಗಳಿಗೆ ಕ್ಯಾಲ್ಸಿಯಂ ಮುಟ್ಟಿಸುತ್ತದೆ, ಅಲ್ಯೂಮಿನಿಯಂನ ವಿಷವನ್ನು ಕುಗ್ಗಿಸುತ್ತದೆ. ಧಾನ್ಯದ ಬೆಳೆಗೆ ಮೇಲಿನ 15 ಸೆಂಟಿಮೀಟರಿನ ಮಣ್ಣಿನ ಮಾದರಿ ಸಾಕು. ಅಡಿಕೆ, ಕಾಫಿ ತೋಟದಲ್ಲಿ ಅದರ ಕೆಳಗಿನ ಮಣ್ಣನ್ನೂ ಬೇರೆ ಚೀಲದಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟರೆ ಎರಡು ಪದರಗಳ ಹುಳಿಯೂ ಬೇರೆಬೇರೆಯಾಗಿ ಗೊತ್ತಾಗುತ್ತದೆ.