ನೀರು ಸಿಕ್ಕವರ ಮಾತು

ಶಿವಗಂಗೆಯ ಬೆಟ್ಟವು ಪೂರ್ವದಿಂದ ನೋಡಿದವರಿಗೆ ನಂದಿಯಂತೆಯೂ, ಪಶ್ಚಿಮದಿಂದ ನೋಡಿದವರಿಗೆ ಗಣೇಶನಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುವುದೆಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ನೆಲಮಂಗಲ ತಾಲ್ಲೂಕಿನ ಈ ಬೆಟ್ಟದ ನೆರಳಿನಲ್ಲಿಯೇ ಹುಟ್ಟಿ ಬೆಳೆದವನು ನಾನು. ಆದರೂ ಈ ಮಾತಿನ ಅರ್ಥ ಪೂರ್ತಿಯಾಗಿ ಹೊಳೆದದ್ದು ವಯಸ್ಸು ನಲವತ್ತರ ಸಮೀಪಕ್ಕೆ ಬಂದ ಮೇಲೆ, ಒಂದು ಕಾಯಿಲೆಯ ದೆಸೆಯಿಂದ.

2018ರ ಮಳೆಗಾಲದಲ್ಲಿ ಅದು ಮೊದಲಾಯಿತು. ಮೊದಲು ಭುಜದಲ್ಲಿ ನೋವು. ಆಮೇಲೆ ಸೊಂಟದಲ್ಲಿ, ತೊಡೆಯಲ್ಲಿ, ಕೊರಳಿನ ಹಿಂಭಾಗದಲ್ಲಿ. ಎಂಟು ಗಂಟೆ ಮಲಗಿ ಎದ್ದರೂ ಇರುಳೆಲ್ಲ ಮೂಟೆ ಹೊತ್ತವನ ದಣಿವು. ಕರಿಹಲಗೆಯ ಮೇಲೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ತೋಳು ಸೋತುಹೋಗುತ್ತಿತ್ತು. ಇಪ್ಪತ್ತು ವರ್ಷದಿಂದ ಪಾಠ ಹೇಳಿದ ಪದ್ಯದ ಮುಂದಿನ ಚರಣ ನೆನಪಿಗೆ ಬಾರದೆ ತರಗತಿಯಲ್ಲಿ ನಿಂತುಬಿಟ್ಟ ದಿನಗಳೂ ಉಂಟು. ಮೂಳೆಯ ವೈದ್ಯರು ಸವೆತವೆಂದರು. ನರಗಳ ವೈದ್ಯರು ನರದ ದೌರ್ಬಲ್ಯವೆಂದರು. ಮೂರನೆಯವರು ರಕ್ತದ ಪರೀಕ್ಷೆಗಳನ್ನು ನೋಡಿ ಕಾಯಿಲೆಯೇ ಇಲ್ಲವೆಂದರು. ನಾಲ್ಕನೆಯವರು ಚಿಂತೆಯೇ ಮೂಲವೆಂದರು. ಬೆಟ್ಟವೊಂದೇ, ನಿಂತ ದಿಕ್ಕು ಬೇರೆ.

ಕೊನೆಗೆ ಸಂಧಿವಾತದ ತಜ್ಞೆಯೊಬ್ಬರು ಅದಕ್ಕೊಂದು ಹೆಸರು ಕೊಟ್ಟರು: ಫೈಬ್ರೊಮಯಾಲ್ಜಿಯ. ಈ ಕಾಯಿಲೆಯ ಚರಿತ್ರೆಯೂ ಬೆಟ್ಟದ ಚರಿತ್ರೆಯಂತೆಯೇ ಇದೆ. 1990ರಲ್ಲಿ ಅಮೆರಿಕದ ಸಂಧಿವಾತ ವೈದ್ಯರ ಸಂಸ್ಥೆಯು ಮೈಮೇಲೆ 18 ಬಿಂದುಗಳನ್ನು ಗುರುತಿಸಿ, ಅವುಗಳಲ್ಲಿ 11ನ್ನು ಒತ್ತಿದಾಗ ನೋವಾದರೆ ಈ ಕಾಯಿಲೆಯೆಂದು ತಿಳಿಯಬೇಕೆಂದು ವಿಧಿಸಿತು. 2010ರಲ್ಲಿ ಹೊಸ ಲಕ್ಷಣ ಬರೆದಾಗ ಆ ಬಿಂದುಗಳನ್ನೇ ಕೈಬಿಟ್ಟಿತು. ರಕ್ತದಲ್ಲಿ, ಕ್ಷಕಿರಣದ ಚಿತ್ರದಲ್ಲಿ ಇದರ ಗುರುತು ಕಾಣದು. ಮೆದುಳು ಮತ್ತು ಬೆನ್ನುಹುರಿ ನೋವಿನ ಸುದ್ದಿಯನ್ನು ಹಿಗ್ಗಿಸಿಕೊಂಡು ಕೇಳುತ್ತವೆಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಹಾಗೇಕೆ ಕೇಳುತ್ತವೆಂಬುದು ಇನ್ನೂ ಬಿಡಿಸದ ಗಂಟು. "ತಗ್ಗಿಸಬಹುದು, ಬೇರುಸಹಿತ ಕೀಳುವ ಔಷಧವಿಲ್ಲ. ದಿನವೂ ಸ್ವಲ್ಪ ಸ್ವಲ್ಪ ನಡೆಯಿರಿ" ಎಂದು ವೈದ್ಯೆ ಪ್ರಾಮಾಣಿಕವಾಗಿ ಹೇಳಿದರು. ಆ ಪ್ರಾಮಾಣಿಕತೆ ನನಗೆ ರುಚಿಸಲಿಲ್ಲವೆಂದು ಒಪ್ಪಿಕೊಳ್ಳಬೇಕು. ನೋಯುವವನಿಗೆ ನಡೆಯೆಂದು ಹೇಳುವುದೆಂದರೇನು? ನನಗೆ ಬೇಕಾಗಿದ್ದುದು ನುಂಗುವಂಥ ಏನಾದರೊಂದು.

ನುಂಗಲು ಮೊದಲು ಕೊಟ್ಟವಳು ನನ್ನ ತಾಯಿ. ಬೆಟ್ಟದ ಮೇಲಿನ ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪದ ಅಭಿಷೇಕ ಮಾಡಿದರೆ ಅದು ಬೆಣ್ಣೆಯಾಗುವುದೆಂದೂ, ಆ ಬೆಣ್ಣೆ ಕಾಯಿಲೆಗಳನ್ನು ಕಳೆಯುವುದೆಂದೂ ಭಕ್ತರ ನಂಬಿಕೆ. "ಒಂದು ಚೂರು ತಗೋ ಮಗ, ದೊಡ್ಡ ಡಾಕ್ಟರೇ ಅವನು" ಎಂದು ಎಲೆಯಲ್ಲಿ ತಂದುಕೊಟ್ಟಳು. ತುಪ್ಪವನ್ನು ನೀರಿನೊಡನೆ ಮತ್ತೆ ಮತ್ತೆ ತಿಕ್ಕಿ ತೊಳೆದರೆ ಅದು ಬೆಳ್ಳಗೆ ಮೆತ್ತಗೆ ಬೆಣ್ಣೆಯಂತಾಗುತ್ತದೆ. ಹೀಗೆ ನೂರು ಸಲ ತೊಳೆದುದನ್ನು ಆಯುರ್ವೇದವು ಶತಧೌತ ಘೃತವೆಂದು ಕರೆದು ಚರ್ಮಕ್ಕೆ ಲೇಪಿಸುತ್ತದೆ. ಇದನ್ನೆಲ್ಲ ಓದಿ ತಿಳಿದಿದ್ದ ನಾನು ತಾಯಿಯ ಮನಸ್ಸಿಗಾಗಿ ಬೆಣ್ಣೆಯನ್ನು ತಿಂದು, ಒಳಗೊಳಗೇ ನಕ್ಕೆ. ನಾಲ್ಕು ದಿನವಾದ ಮೇಲೆ ಸೀಸೆಗಳಿಗೆ ದುಡ್ಡು ಕಳಿಸಿದವನೂ ನಾನೇ.

ಅದಕ್ಕೊಂದು ನೆವವೂ ಸಿಕ್ಕಿತ್ತು. ರಕ್ತದಲ್ಲಿ ಬಿ12 ವಿಟಮಿನ್ ತೀರ ಕಡಿಮೆಯೆಂದು ಪರೀಕ್ಷೆಯಲ್ಲಿ ಕಂಡಿತು. ಸಸ್ಯಾಹಾರದಲ್ಲಿ ಅದು ದೊರೆಯುವುದಿಲ್ಲ. ಹಾಲು ಮೊಸರಿನಿಂದ ದೊರೆಯುವುದು ಅಲ್ಪ. ವೈದ್ಯೆಯ ಸಲಹೆಯಂತೆ ಅದನ್ನು ತೆಗೆದುಕೊಂಡೆ. ನಾಲಗೆಯ ಉರಿ ಹೋಯಿತು, ಮರೆವು ಎಷ್ಟೋ ಇಳಿಯಿತು. ಮೈನೋವು ಮಾತ್ರ ಇದ್ದಂತೆಯೇ ಇತ್ತು. ಇಲ್ಲಿ ನಾನು ನಿಲ್ಲಬೇಕಾಗಿತ್ತು. ಖಾಲಿಯಾದ ಗಡಿಗೆಗೆ ನೀರು ತುಂಬುವುದು ಒಂದು ಕೆಲಸ. ತುಂಬಿದ ಗಡಿಗೆಗೆ ಮತ್ತೆ ಸುರಿದು ಅದು ಅಮೃತವಾಗಲೆಂದು ಕಾಯುವುದು ಇನ್ನೊಂದು. ಮೊದಲನೆಯದು ಫಲಿಸಿತೆಂದು ಎರಡನೆಯದೂ ಫಲಿಸುವುದೆಂದು ನಂಬಿದೆ. ಮೆಗ್ನೀಸಿಯಂ, ಮೀನೆಣ್ಣೆಯ ಬದಲಿಗೆ ಅಗಸೆಯ ಎಣ್ಣೆ, ಅರಿಸಿನದ ಸಾರ, ಅಶ್ವಗಂಧ, ನರಗಳಿಗೆಂದು ಬಿ ಗುಂಪಿನ ವಿಟಮಿನ್‌ಗಳು, ಹೀಗೆ ಪುಸ್ತಕದ ಬೀರುವಿನ ಒಂದು ಅಂಕಣ ಸೀಸೆಗಳ ಪಾಲಾಯಿತು. ತಿಂಗಳಿಗೆ ಎರಡು ಸಾವಿರ ರೂಪಾಯಿ ಇದಕ್ಕೆಂದೇ ಹೋಗುತ್ತಿತ್ತು.

2022ರಲ್ಲಿ ಒಂದು ತಿಂಗಳು ನೋವು ಅರ್ಧಕ್ಕಿಳಿಯಿತು. ಆಗಷ್ಟೆ ಹೊಸದಾಗಿ ಆರಂಭಿಸಿದ್ದುದು ಮೆಗ್ನೀಸಿಯಂ. ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಸಹೋದ್ಯೋಗಿಗಳಿಗೆ, ನೆಂಟರಿಗೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೆ ಕೂಡ ಹೇಳಿದೆ. ಆ ದಿನಗಳಲ್ಲಿಯೇ ನಮ್ಮ ಬಿ.ಎ. ತರಗತಿಯ ಹುಡುಗಿಯೊಬ್ಬಳು ಬಂದು, "ಸಾರ್, ನಮ್ಮಮ್ಮಂಗೂ ನಿಮ್ಮದೇ ಕಾಯಿಲೆ ಅಂದ್ರು. ನೀವು ಏನು ತಗೊಂಡ್ರಿ ಸಾರ್?" ಎಂದು ಕೇಳಿದಳು. ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಮಾಡುವಾಕೆ. ನಾನು ಮೇಷ್ಟರ ಗತ್ತಿನಲ್ಲಿ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟೆ.

ಕಾಲೇಜು ಮತ್ತೆ ತೆರೆದ ಎರಡನೆಯ ವಾರದಲ್ಲಿ ನೋವು ಮರಳಿ ಬಂದಿತು. ಮಾತ್ರೆಯನ್ನು ನಾನು ಬಿಟ್ಟಿರಲಿಲ್ಲ. ಹಿಂದಿರುಗಿ ಯೋಚಿಸಿದಾಗ ಆ ಒಳ್ಳೆಯ ತಿಂಗಳು ರಜೆಯ ತಿಂಗಳಾಗಿತ್ತೆಂಬುದು ನೆನಪಿಗೆ ಬಂತು: ಬಸ್ಸಿನ ಪ್ರಯಾಣವಿಲ್ಲ, ಉತ್ತರಪತ್ರಿಕೆಯ ಕಟ್ಟುಗಳಿಲ್ಲ, ಮಧ್ಯಾಹ್ನ ಒಂದು ನಿದ್ದೆ. ಅಷ್ಟೇ ಅಲ್ಲ. ಇಂಥ ಕಾಯಿಲೆ ಏರುತ್ತ ಇಳಿಯುತ್ತ ಇರುವಂಥದು. ನಾವು ಹೊಸ ಮಾತ್ರೆಯನ್ನು ಹುಡುಕಿಕೊಂಡು ಹೋಗುವುದು ನೋವು ತುದಿಗೇರಿದಾಗ. ತುದಿಗೇರಿದ್ದು ತಾನಾಗಿ ಇಳಿಯುವಾಗ ಕೀರ್ತಿ ಮಾತ್ರೆಗೆ ಸಲ್ಲುತ್ತದೆ.

ಇನ್ನೊಂದು ಪಾಠ ಕಾಲಿನಿಂದ ಬಂದಿತು. ಕೆಲವು ತಿಂಗಳಲ್ಲಿ ಪಾದಗಳು ಜುಮುಗುಟ್ಟತೊಡಗಿ, ಅಂಗಾಲಿಗೆ ನೆಲ ತಗುಲಿದ್ದು ಸರಿಯಾಗಿ ತಿಳಿಯದಾಯಿತು. ಕಾಯಿಲೆ ಮುಂದುವರಿಯಿತೆಂದು ಹೆದರಿ ವೈದ್ಯೆಯ ಬಳಿಗೆ ಓಡಿದೆ. ಸೀಸೆಗಳನ್ನೆಲ್ಲ ತರಲು ಹೇಳಿ, ಒಂದೊಂದರ ಚೀಟಿಯನ್ನೂ ಓದಿ ಕಾಗದದ ಮೇಲೆ ಕೂಡಿಸಿದರು. ಮೂರು ಸೀಸೆಗಳಲ್ಲಿ ಮೂರು ಹೆಸರಿನಲ್ಲಿ ಬಿ6 ವಿಟಮಿನ್ ಇತ್ತು. ಒಟ್ಟು ದಿನಕ್ಕೆ 160 ಮಿಲಿಗ್ರಾಂ. ದೇಹಕ್ಕೆ ಬೇಕಾದುದು ಎರಡು ಮಿಲಿಗ್ರಾಂ ಆಸುಪಾಸು. ಈ ವಿಟಮಿನ್ ಮಿತಿಮೀರಿದರೆ ಸ್ಪರ್ಶದ ನರಗಳಿಗೇ ಪೆಟ್ಟು ಕೊಡುವುದೆಂದು ವೈದ್ಯರು 1983ರಲ್ಲಿಯೇ ವರದಿ ಮಾಡಿದ್ದಾರೆ; ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯು 2023ರಲ್ಲಿ ವಯಸ್ಕರಿಗೆ ದಿನದ ಮೇಲ್ಮಿತಿಯನ್ನು 12 ಮಿಲಿಗ್ರಾಂ ಎಂದು ಗೊತ್ತುಪಡಿಸಿದೆ. ನರಕ್ಕೆ ಬಲವೆಂದು ನುಂಗಿದ್ದೇ ನರವನ್ನು ತಿನ್ನುತ್ತಿತ್ತು. ಬಿಟ್ಟ ಮೇಲೆ ಆ ಜುಮು ಹೋಗಲು ಏಳು ತಿಂಗಳು ಹಿಡಿಯಿತು.

ನನಗೆ ನಾಚಿಕೆಯಾದುದು ಇದರಲ್ಲಿಯೇ. ಗ್ರಂಥಸಂಪಾದನೆಯ ಪಾಠದಲ್ಲಿ ವಿದ್ಯಾರ್ಥಿಗಳಿಗೆ ವರ್ಷ ವರ್ಷವೂ ಹೇಳುವ ಮಾತೊಂದಿದೆ: ಒಂದೇ ಓಲೆಯ ಪ್ರತಿಯನ್ನು ನಂಬಬೇಡಿ, ಪ್ರತಿಗಳನ್ನು ಎದುರುಬದುರು ಇಟ್ಟು ಹೋಲಿಸಿ, ನಿಮಗೆ ಪ್ರಿಯವಾದ ಪಾಠವನ್ನೇ ಹೆಚ್ಚು ಅನುಮಾನಿಸಿ. ನನ್ನ ಮೈಯೆಂಬ ಒಂದೇ ಪ್ರತಿಯನ್ನು ಹಿಡಿದು, ನನಗೆ ಪ್ರಿಯವಾದ ಪಾಠವನ್ನೇ ಓದಿಕೊಂಡಿದ್ದೆ. ಸೀಸೆಯ ಮೇಲಿನ ಅಕ್ಷರಗಳನ್ನಂತೂ ಓದಿರಲೇ ಇಲ್ಲ. ನಮ್ಮ ದೇಶದ ಆಹಾರ ಸುರಕ್ಷತೆಯ ಪ್ರಾಧಿಕಾರವು 2016ರಲ್ಲಿ ಮಾಡಿದ ನಿಯಮದಂತೆ, ಇದು ಔಷಧದ ಬಳಕೆಗಲ್ಲ ಎಂಬ ಮಾತು ಇಂಥ ಸೀಸೆಗಳ ಮೇಲೆ ಅಚ್ಚಾಗಿರಬೇಕು. ನನ್ನ ಸೀಸೆಗಳ ಮೇಲೂ ಅದು ಅಚ್ಚಾಗಿತ್ತು.

ಹಾಗಾದರೆ ತಿಳಿಯದ ಕಾಯಿಲೆಗೆ ಏನನ್ನೂ ಪ್ರಯತ್ನಿಸಲೇಬಾರದೆ? ಹಾಗೆಂದರೆ ಚರಿತ್ರೆಗೆ ಅನ್ಯಾಯವಾದೀತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಯ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಭ್ಯಾಸ ಮಾಡಿದಳು. ಕಾರಣ ಯಾರಿಗೂ ತಿಳಿದಿರಲಿಲ್ಲ. ಮಾರ್ಮೈಟ್ ಎಂಬ ಅಗ್ಗದ ಹುದುಗಿನ ಸಾರದಿಂದ ಅವರು ಚೇತರಿಸಿಕೊಂಡರು. ಅದರೊಳಗಿನ ವಸ್ತು ಫೋಲೇಟ್ ಎಂಬುದು ಹೊರಬಿದ್ದದ್ದು 1940ರ ದಶಕದಲ್ಲಿ. ಕಾರಣ ತಿಳಿಯುವ ಮೊದಲೇ ಆಹಾರ ಗುಣಪಡಿಸಬಲ್ಲುದು. ಆದರೆ ಗುಣವಾಯಿತೆಂದು ತಿಳಿಯುವ ಬಗೆಯೊಂದಿದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಸ್ಕರ್ವಿಯಿಂದ ನರಳುತ್ತಿದ್ದ 12 ಮಂದಿ ನಾವಿಕರನ್ನು ಎರಡೆರಡರಂತೆ ಆರು ಜೋಡಿ ಮಾಡಿದನು. ಊಟ ಎಲ್ಲರಿಗೂ ಒಂದೇ. ಒಂದು ಜೋಡಿಗೆ ಹುಳಿಕಾಡಿ, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಕಿತ್ತಳೆ ನಿಂಬೆ, ಹೀಗೆ ಜೋಡಿಗೊಂದು ಮದ್ದು. ಆರು ದಿನದಲ್ಲಿ ಕಿತ್ತಳೆ ನಿಂಬೆ ತಿಂದವರು ಎದ್ದು ಓಡಾಡಿದರು. ಮಿಕ್ಕ ಹತ್ತು ಮಂದಿ ಪಕ್ಕದಲ್ಲಿಯೇ ಇದ್ದುದರಿಂದ ನಿಂಬೆಯ ಗುಣ ಸಾಬೀತಾಯಿತು. ಆ ಮಿಕ್ಕವರ ಲೆಕ್ಕವಿಲ್ಲದಿದ್ದರೆ ಸಮುದ್ರದ ನೀರಿಗೂ ಒಬ್ಬ ಹೊಗಳುಭಟ್ಟ ಹುಟ್ಟಿಕೊಳ್ಳಬಹುದಾಗಿತ್ತು.

ಮಿಕ್ಕವರ ಮಾತು ನನ್ನ ಎದೆಗೆ ತಾಗಿದ್ದು ಮಾತ್ರ ಪುಸ್ತಕದಿಂದಲ್ಲ, ಬೆಟ್ಟದ ಮೇಲೆ. ಕಳೆದ ಸಂಕ್ರಾಂತಿಯ ಮರುವಾರ ನಿಧಾನವಾಗಿ ಮೆಟ್ಟಿಲು ಹತ್ತಿ ಒಳಕಲ್ಲು ತೀರ್ಥದ ಬಳಿ ಕುಳಿತಿದ್ದೆ. ಬಂಡೆಯೊಳಗೆ ಒರಳಿನಂಥ ಕುಳಿ. ತೋಳನ್ನು ಇಳಿಬಿಟ್ಟು ತಡಕಬೇಕು. ನೀರು ಕೈಗೆ ಸಿಕ್ಕಿದರೆ ಪುಣ್ಯವಂತರೆಂದು ಪ್ರತೀತಿ. ಸಿಕ್ಕವರು "ಸಿಕ್ತು, ಸಿಕ್ತು!" ಎಂದು ಕೂಗಿ, ಕಣ್ಣಿಗೊತ್ತಿಕೊಂಡು, ಬಂದವರಿಗೆಲ್ಲ ಹೇಳುತ್ತ ಹೋಗುತ್ತಿದ್ದರು. ಸಿಗದವರು ತೋಳಿನ ಧೂಳನ್ನು ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, ಮೆಲ್ಲನೆ ಇಳಿದು ಹೋಗುತ್ತಿದ್ದರು. ಕೆಳಗೆ ಊರಿನಲ್ಲಿ ಕೇಳಿಬರುವುದು ನೀರು ಸಿಕ್ಕವರ ಮಾತು ಮಾತ್ರ.

ನನಗೆ ಆ ಚೀಟಿಯ ನೆನಪಾಯಿತು. ನೀರು ಸಿಕ್ಕಿದಾಗ ಊರಿಗೆಲ್ಲ ಸಾರಿದವನು, ಅದು ಬತ್ತಿದಾಗ ಸುಮ್ಮನಿದ್ದೆನಲ್ಲ!

ಮರುದಿನವೇ ಆ ಹಳೆಯ ವಿದ್ಯಾರ್ಥಿನಿಯ ಮನೆಯನ್ನು ವಿಚಾರಿಸಿಕೊಂಡು ಹೋದೆ. ತಾಯಿ ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ಕುಳಿತಿದ್ದಳು. ಗೂಡಿನಲ್ಲಿ ಅದೇ ಮಾತ್ರೆಯ ಖಾಲಿ ಡಬ್ಬಿಗಳು ಸಾಲಾಗಿದ್ದವು. ಒಂದರಲ್ಲಿ ಸೂಜಿದಾರ, ಒಂದರಲ್ಲಿ ಸಾಸಿವೆ. ಎಣಿಸಿದೆ: ಒಂಬತ್ತು. ಒಂದೊಂದಕ್ಕೆ ಆರುನೂರು ರೂಪಾಯಿ. ನನಗೆ ಗುಣವಾದುದು ಆ ಒಂದು ತಿಂಗಳು ಮಾತ್ರ, ಆಮೇಲೆ ನೋವು ಮರಳಿತು, ಹೇಳದೆ ಇದ್ದದ್ದು ನನ್ನ ತಪ್ಪೆಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಆಕೆ ಕೋಪಿಸಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. "ಬಿಡಿ ಸಾರ್. ನಂಗೂ ಮೊದಲು ಒಂಚೂರು ಗುಣ ಆದಂಗಾಗಿತ್ತು. ಆಮೇಲೆ ಇಲ್ಲ. ಓದಿದೋರಿಗೆ ಗುಣ ಆಗೈತೆ, ನಂಗೆ ಆಗಾಕಿಲ್ಲ ಅಂದ್ರೆ ನಂದೇ ಏನೋ ದೋಸ ಅನ್ಕಂಡಿದ್ದೆ" ಎಂದಳು.

ನೀರು ಸಿಗದವರು ಮೌನವಾಗಿ ಇಳಿಯುವುದೇಕೆಂದು ಆಗ ತಿಳಿಯಿತು. ಮದ್ದು ಸೋತಿತೆಂದು ಅವರು ತಿಳಿಯುವುದಿಲ್ಲ. ತಾವು ಸೋತೆವೆಂದು ತಿಳಿಯುತ್ತಾರೆ. ನಮ್ಮ ಹೊಗಳಿಕೆಯು ದುಡ್ಡನ್ನು ಕಳೆಯುವುದರ ಜೊತೆಗೆ ನೋವಿನ ಮೇಲೊಂದು ಅಪರಾಧವನ್ನೂ ಹೊರಿಸುತ್ತದೆ.

ಈಗ ನನ್ನ ಬಳಿ ಒಂದು ಲೆಕ್ಕದ ಪುಸ್ತಕವಿದೆ. ಪ್ರತಿ ಸಂಜೆ ನೋವಿಗೆ ಹತ್ತರಲ್ಲಿ ಎಷ್ಟೆಂದು ಒಂದು ಅಂಕೆ, ಹಿಂದಿನ ರಾತ್ರಿ ಎಷ್ಟು ಗಂಟೆಯ ನಿದ್ದೆ, ಎಷ್ಟು ನಡೆದೆ, ಇಷ್ಟನ್ನೇ ಬರೆಯುತ್ತೇನೆ. ವೈದ್ಯೆಯನ್ನು ಕೇಳದೆ ಹೊಸದಾಗಿ ಏನನ್ನೂ ಆರಂಭಿಸುವುದಿಲ್ಲ. ಆರಂಭಿಸಿದರೂ ಏಕಕಾಲಕ್ಕೆ ಒಂದೇ, ಅದಕ್ಕೆ ಮೊದಲು ಒಂದು ತಿಂಗಳ ಅಂಕೆ, ಬಿಟ್ಟ ಮೇಲೆ ಒಂದು ತಿಂಗಳ ಅಂಕೆ. ಹೀಗೆ ನೋಡಿದ ಮೇಲೆ ಬೀರುವಿನಲ್ಲಿ ಉಳಿದದ್ದು ಬಿ12 ಒಂದೇ. ತೆರವಾದ ಅಂಕಣಕ್ಕೆ ಪುಸ್ತಕಗಳು ಹಿಂದಿರುಗಿವೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು ಈ ಕಾಯಿಲೆಯ ಉಪಚಾರಗಳನ್ನೆಲ್ಲ ತೂಗಿನೋಡಿ 2017ರಲ್ಲಿ ಪ್ರಕಟಿಸಿದ ಸಲಹೆಗಳಲ್ಲಿ, ಬಲವಾದ ಶಿಫಾರಸು ಪಡೆದದ್ದು ವ್ಯಾಯಾಮವೊಂದೇ. ನನಗೆ ರುಚಿಸದಿದ್ದ ಆ ಮೊದಲ ಮಾತೇ ಕೊನೆಗೂ ಗಟ್ಟಿಯಾಗಿ ನಿಂತಿತು. ವಾರಕ್ಕೆ ಮೂರು ದಿನ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಮೊದಲು ಗಂಗಾಧರೇಶ್ವರನ ಗುಡಿಯವರೆಗೆ ಹೋಗುವುದೇ ಹೆಚ್ಚಾಗಿತ್ತು; ಈಗ ಒಳಕಲ್ಲು ತೀರ್ಥದವರೆಗೆ ಹೋಗಬಲ್ಲೆ. ನೋವು ಹೋಗಿಲ್ಲ. ಏಳು ಇದ್ದದ್ದು ಐದಾಗಿದೆ. ಕೆಲವು ವಾರ ಮತ್ತೆ ಏಳಾಗುತ್ತದೆ.

ತಾಯಿ ಈಗಲೂ ಬೆಣ್ಣೆ ತರುತ್ತಾಳೆ. ನಾನು ನಗದೆ ತಿನ್ನುತ್ತೇನೆ. ಅವಳು ಅದನ್ನು ಎಂದೂ ಯಾರಿಗೂ ಮಾರಿದವಳಲ್ಲ, ಗುಣವಾಗದಿದ್ದುದಕ್ಕೆ ನನ್ನನ್ನು ದೂರಿದವಳೂ ಅಲ್ಲ. ಆದರೆ ಯಾರಾದರೂ ಬಂದು, "ನೀವು ಏನು ತಗೊಂಡ್ರಿ?" ಎಂದು ಕೇಳಿದರೆ ಚೀಟಿ ಬರೆದುಕೊಡುವುದಿಲ್ಲ. ಲೆಕ್ಕದ ಪುಸ್ತಕವನ್ನು ತೆಗೆದು, ಇಳಿದ ದಿನಗಳ ಪುಟವನ್ನೂ ಏರಿದ ದಿನಗಳ ಪುಟವನ್ನೂ ಮುಂದಿಟ್ಟು ಓದಿ ಹೇಳುತ್ತೇನೆ.