ರಬ್ಬರಿನಿಂದ ಉದುರಿದ ಹಿಮ

ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯಕ್ಕೆ 125 ವರ್ಷ ತುಂಬಿದ ಸಂದರ್ಭದಲ್ಲಿ, 2020ರಲ್ಲಿ, ಅಲ್ಲಿಂದ ಓದುಗರು ಅತಿ ಹೆಚ್ಚು ಸಲ ಮನೆಗೆ ಒಯ್ದ ಪುಸ್ತಕಗಳ ಪಟ್ಟಿ ಹೊರಬಂತು. ಮೊದಲ ಸ್ಥಾನದಲ್ಲಿದ್ದದ್ದು ದಪ್ಪನೆಯ ಕಾದಂಬರಿಯಲ್ಲ. ಐದು ನಿಮಿಷದಲ್ಲಿ ಓದಿ ಮುಗಿಸಬಹುದಾದ 'ದಿ ಸ್ನೋವಿ ಡೇ' ಎಂಬ ಮಕ್ಕಳ ಚಿತ್ರಪುಸ್ತಕ. 4,85,583 ಸಲ ಎರವಲು ಹೋಗಿತ್ತು. ಪೀಟರ್ ಎಂಬ ಕಪ್ಪು ಹುಡುಗ ಕೆಂಪು ದಿರಿಸು ತೊಟ್ಟು ಹಿಮ ಬಿದ್ದ ಬೀದಿಯಲ್ಲಿ ದಿನವಿಡೀ ಆಡುತ್ತಾನೆ, ಕಥೆ ಅಷ್ಟೇ. ಬರೆದು ಚಿತ್ರಿಸಿದವರು ಎಜ್ರಾ ಜ್ಯಾಕ್ ಕೀಟ್ಸ್. ಅವರನ್ನು ತಾವಾಗಿಯೇ ಕಲಿತ ಕಲಾವಿದರೆಂದು ಪರಿಚಯಿಸುವುದು ರೂಢಿ. ಹಾಗೆಂದಾಗ ಯಾರ ಹಂಗೂ ಇಲ್ಲದೆ ಒಳಗಿನಿಂದ ಚಿಮ್ಮಿದ ಪ್ರತಿಭೆಯೊಂದು ಕಣ್ಣಮುಂದೆ ಬರುತ್ತದೆ. ಅವರ ಬದುಕು ಹೇಳುವುದು ಬೇರೆಯೇ. ಹೊಟ್ಟೆಪಾಡಿಗೆಂದು ಮಾಡಿದ ಕೆಲಸಗಳೇ ಅವರಿಗೆ ಕಲಾಶಾಲೆಯಾದವು, ಅವರ ಚಿತ್ರಗಳ ಹೊಸತನವೂ ಬಹುಪಾಲು ಅಲ್ಲಿಂದಲೇ ಬಂತು.

ಕೀಟ್ಸ್ ಹುಟ್ಟಿದ್ದು 1916ರಲ್ಲಿ, ಬ್ರೂಕ್ಲಿನ್‌ನಲ್ಲಿ, ಪೋಲೆಂಡಿನಿಂದ ವಲಸೆ ಬಂದ ಬಡ ಯಹೂದಿ ಕುಟುಂಬದಲ್ಲಿ. ಹುಟ್ಟಿದಾಗಿನ ಹೆಸರು ಜೇಕಬ್ ಎಜ್ರಾ ಕಾಟ್ಸ್. ಯಹೂದಿಗಳ ಬಗೆಗಿನ ದ್ವೇಷಕ್ಕೆ ಬೇಸತ್ತು 1947ರಲ್ಲಿ ಬದಲಿಸಿಕೊಂಡರು. ತಂದೆ ಹೋಟೆಲಿನಲ್ಲಿ ಮಾಣಿ. ಚಿತ್ರ ಬರೆದು ಯಾರ ಹೊಟ್ಟೆಯೂ ತುಂಬುವುದಿಲ್ಲವೆಂದು ಮಗನನ್ನು ಗದರುತ್ತಲೇ, ಹಸಿದ ಕಲಾವಿದರು ಸೂಪಿನ ಬದಲಿಗೆ ಕೊಟ್ಟರೆಂದು ನೆಪ ಹೇಳಿ ಬಣ್ಣದ ಟ್ಯೂಬುಗಳನ್ನು ಮನೆಗೆ ತರುತ್ತಿದ್ದರು. 1935ರ ಜನವರಿಯಲ್ಲಿ, ಮಗನ ಹೈಸ್ಕೂಲು ಪದವಿ ಸಮಾರಂಭದ ಹಿಂದಿನ ದಿನ, ಬೀದಿಯಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಶವ ಗುರುತಿಸಲು ಹೋದ ಮಗನಿಗೆ ಅವರ ಪಾಕೀಟಿನಲ್ಲಿ ಸಿಕ್ಕಿದ್ದು ತನಗೆ ಬಂದ ಬಹುಮಾನಗಳ ಸುದ್ದಿಯ ಸವೆದ ಪತ್ರಿಕಾ ತುಣುಕುಗಳು. ಕಲಾಶಾಲೆಗೆ ಮೂರು ವಿದ್ಯಾರ್ಥಿವೇತನಗಳು ಬಂದಿದ್ದವು, ಒಂದನ್ನೂ ಬಳಸಿಕೊಳ್ಳಲಾಗಲಿಲ್ಲ. ಹಗಲು ದುಡಿದು, ಸಾಧ್ಯವಾದಾಗ ರಾತ್ರಿ ತರಗತಿಗೆ ಹೋದರು. ಆರ್ಥಿಕ ಕುಸಿತದ ಆ ಕಾಲದಲ್ಲಿ ಸರ್ಕಾರದ ಉದ್ಯೋಗ ಯೋಜನೆಯಡಿ ಭಿತ್ತಿಚಿತ್ರ ಬರೆದರು, ಆಮೇಲೆ ಕ್ಯಾಪ್ಟನ್ ಮಾರ್ವೆಲ್ ಕಾಮಿಕ್ಸ್‌ಗೆ ಹಿನ್ನೆಲೆ ಬಿಡಿಸಿದರು. 1943ರಲ್ಲಿ ಸೈನ್ಯ ಸೇರಿದಾಗ ಸಿಕ್ಕ ಕೆಲಸ ಶತ್ರುವಿನ ಕಣ್ಣಿಗೆ ಮಣ್ಣೆರಚುವ ಮರೆಮಾಚುವಿಕೆಯ ವಿನ್ಯಾಸ.

ಬಡತನವೇ ಗುರುವೆಂದು ಹಾಡಿ ಹೊಗಳುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಸರಿಯಲ್ಲ. ಆ ಮೂರು ವಿದ್ಯಾರ್ಥಿವೇತನಗಳು ಕೈಬಿಟ್ಟದ್ದು ನಷ್ಟವೇ. ಅವರು ಸ್ವತಃ ಬರೆದು ಚಿತ್ರಿಸಿದ ಪೀಟರನ ಪುಸ್ತಕ ಬರುವ ಹೊತ್ತಿಗೆ ವಯಸ್ಸು ನಲವತ್ತಾರು. ತಡವಾದ ವರ್ಷಗಳನ್ನು ಯಾವ ಪ್ರಶಸ್ತಿಯೂ ಮರಳಿ ಕೊಡುವುದಿಲ್ಲ. ಆದರೆ ನಷ್ಟವನ್ನು ಒಪ್ಪಿಕೊಂಡ ಮೇಲೂ ಆ ಪುಸ್ತಕದ ಪುಟಗಳು ಎದುರಿಗಿವೆ. ಹಾಳೆಯ ಮೇಲೆ ಒಂದಿಷ್ಟು ಚಿತ್ತಾರದ ಕಾಗದ ಅಂಟಿಸಿದರೆ ಸಾಕೆಂದು ಹೊರಟವರಿಗೆ ಒಂದರಿಂದ ಇನ್ನೊಂದು ಹೊಳೆಯುತ್ತ ಹೋಯಿತು. ಅಮ್ಮನ ಉಡುಪಿಗೆ ಬಳಸಿದ್ದು ಕಪಾಟಿನ ಹಲಗೆಗೆ ಹಾಸುವ ಮೇಣಬಟ್ಟೆ. ಹಾಸಿಗೆಯ ದುಪ್ಪಟಿಗೆ ಬೆಲ್ಜಿಯಂ ಕ್ಯಾನ್ವಾಸಿನ ತುಂಡು. ಪೀಟರ್ ನಿದ್ದೆಹೋಗುವ ಪುಟದ ಬೂದುಬಣ್ಣ, ಹಲ್ಲುಜ್ಜುವ ಬ್ರಷ್ಷನ್ನು ಮಸಿಯಲ್ಲಿ ಅದ್ದಿ ಚಿಮುಕಿಸಿದ್ದು. ಹಿಮದ ಹೂಗಳನ್ನಂತೂ ಅಳಿಸುವ ರಬ್ಬರಿನಲ್ಲಿ ಕೊರೆದು, ಬಣ್ಣಕ್ಕೆ ಅದ್ದಿ, ಮುದ್ರೆಯ ಹಾಗೆ ಒತ್ತಿದ್ದಾರೆ. ಹೀಗೆ ತುಂಡುಗಳನ್ನು ಅಂಟಿಸಿ ಚಿತ್ರ ಕಟ್ಟುವ ಕೊಲಾಜನ್ನು ಚಿತ್ರಕಾರರಾದ ಪಿಕಾಸೋ, ಮಾತೀಸ್ ಮೊದಲೇ ಮಾಡಿದ್ದರು, ನಿಜ. ಅವರದು ಗ್ಯಾಲರಿಯ ಗೋಡೆಗೆಂದು ಆದ ಪ್ರಯೋಗ. ಇಲ್ಲಿ ಕಾಣುವುದು ಕೈಗೆ ಸಿಕ್ಕಿದ್ದರಲ್ಲೇ ಕೆಲಸ ತೆಗೆದು ರೂಢಿಯಾದವನ ಕಸುಬು. ಮೈಕೈಯ ಗೆರೆಗಳನ್ನು ಬಿಟ್ಟು ಬಣ್ಣದ ದೊಡ್ಡ ತೇಪೆಗಳಲ್ಲೇ ಆಕಾರವನ್ನು ಹಿಡಿಯುವ ಧೈರ್ಯಕ್ಕೆ ಸೈನ್ಯದ ಆ ಕೆಲಸವೂ ಒಂದು ಕಾರಣವಿರಬೇಕೆಂದು ನನ್ನ ಊಹೆ.

ಬಡತನದ ಕುರಿತ ಆ ಪ್ರಶ್ನೆಗಿಂತ ಗಟ್ಟಿಯಾದ ಆಕ್ಷೇಪ 1965ರಲ್ಲಿ ಬಂತು. ಮೂರು ವರ್ಷಗಳಲ್ಲಿ ಪ್ರಕಟವಾದ 5,206 ಮಕ್ಕಳ ಪುಸ್ತಕಗಳನ್ನು ಪರಿಶೀಲಿಸಿದ್ದ ನ್ಯಾನ್ಸಿ ಲ್ಯಾರಿಕ್, 'ಸ್ಯಾಟರ್ಡೇ ರಿವ್ಯೂ' ಪತ್ರಿಕೆಯ ಲೇಖನದಲ್ಲಿ, ಕಪ್ಪು ಜನ ಒಬ್ಬರಾದರೂ ಕಾಣಿಸುವುದು 349ರಲ್ಲಿ ಮಾತ್ರ ಎಂದು ತೋರಿಸಿದರು. ಕೀಟ್ಸ್ ಅವರ ಪಠ್ಯದಲ್ಲಿ ಪೀಟರ್ ಕಪ್ಪು ಹುಡುಗನೆಂಬ ಮಾತೇ ಇಲ್ಲವೆಂಬುದು ಅವರ ದೂರುಗಳಲ್ಲಿ ಒಂದು. ಅಮ್ಮನ ಚಿತ್ರವೂ ಹಳೆಯ ಅಚ್ಚಿನದೇ ಎಂಬ ಧಾಟಿ ಅವರದಾಗಿತ್ತು. ಕಪ್ಪು ಮಗುವಿನ ಬದುಕನ್ನು ಬಿಳಿಯ ಕಲಾವಿದನೊಬ್ಬ ಬಿಡಿಸಬಹುದೇ ಎಂಬ ಪ್ರಶ್ನೆ ಇದರ ಬೆನ್ನಿಗಿತ್ತು, ಈಗಲೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಮೊದಲ ದೂರು ಚಿತ್ರಪುಸ್ತಕವನ್ನು ಅಕ್ಷರದಲ್ಲಷ್ಟೇ ಓದಿದ್ದರ ಫಲ. ಪುಟಪುಟದಲ್ಲೂ ಕಣ್ಣಿಗೆ ಕಾಣುವ ಹುಡುಗನ ಬಣ್ಣವನ್ನು ವಾಕ್ಯದಲ್ಲಿ ಇನ್ನೊಮ್ಮೆ ಏಕೆ ಹೇಳಬೇಕು? ಅಷ್ಟೇ ಅಲ್ಲ, ಪೀಟರನ ಮುಖ ಕಲ್ಪನೆಯಿಂದ ಬಂದದ್ದೂ ಅಲ್ಲ. 1940ರ 'ಲೈಫ್' ಪತ್ರಿಕೆಯಲ್ಲಿ ರಕ್ತಪರೀಕ್ಷೆಗೆ ನಿಂತ ಜಾರ್ಜಿಯಾದ ಪುಟ್ಟ ಹುಡುಗನ ಚಿತ್ರಗಳನ್ನು ಕತ್ತರಿಸಿಟ್ಟುಕೊಂಡಿದ್ದ ಕೀಟ್ಸ್, ಇಪ್ಪತ್ತು ವರ್ಷಗಳ ಮೇಲೂ ಅವನ್ನು ಕಳೆದುಕೊಂಡಿರಲಿಲ್ಲ. ಪುಸ್ತಕ ಬಂದಾಗ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಮೆಚ್ಚಿ ಪತ್ರ ಬರೆದಿದ್ದರು. 1963ರಲ್ಲಿ ಅಮೆರಿಕದ ಮಕ್ಕಳ ಚಿತ್ರಪುಸ್ತಕಗಳಿಗೆ ಮೀಸಲಾದ ಕ್ಯಾಲ್ಡಿಕಾಟ್ ಪದಕವೂ ಬಂತು.

ಪ್ರಶಸ್ತಿ ಬಂದ ಮೇಲೂ ಅವರು ಬೀದಿಯನ್ನು ಬಿಡಲಿಲ್ಲ. ಪೀಟರ್ ಏಳು ಪುಸ್ತಕಗಳ ಉದ್ದಕ್ಕೂ ಬೆಳೆಯುತ್ತಾನೆ. ತಂಗಿಗಾಗಿ ತನ್ನ ಪುಟ್ಟ ಕುರ್ಚಿ ಬಿಟ್ಟುಕೊಡಬೇಕಾಗಿ ಬಂದಾಗ ಮುನಿಸಿಕೊಳ್ಳುತ್ತಾನೆ. ಅವನ ಸುತ್ತಲಿನ ಗೋಡೆಗಳಲ್ಲಿ ಹರಿದ ಪೋಸ್ಟರುಗಳು, ಗೀಚಿದ ಬರಹಗಳು. ಕಸದ ಡಬ್ಬಿ, ಮುರಿದ ಸಾಮಾನುಗಳನ್ನೂ ಅಲ್ಲಿ ಮರೆಮಾಚಿಲ್ಲ. 1969ರ 'ಗಾಗಲ್ಸ್' ಪುಸ್ತಕದಲ್ಲಂತೂ ಪಾಳು ಜಾಗದಲ್ಲಿ ಬಿದ್ದಿದ್ದ ಮೋಟಾರ್‌ಸೈಕಲ್ ಕನ್ನಡಕವನ್ನು ಪೀಟರ್ ಆಯ್ದುಕೊಳ್ಳುತ್ತಾನೆ, ಮುಂದಿನ ಇಡೀ ಕಥೆ ಅದನ್ನು ದೊಡ್ಡ ಹುಡುಗರ ಕೈಗೆ ಸಿಗದಂತೆ ಉಳಿಸಿಕೊಳ್ಳುವ ಪರದಾಟ.